ಮೀಸಲು ಸೀಟಿಗೆ ಸರ್ಟಿಫಿಕೇಟ್ ಒಂದೇ ಸಾಕೇ?

ಪ್ರಶ್ನೆ: ನಾನು ಹುಟ್ಟಿದ್ದು ಒಕ್ಕಲಿಗರ ಮನೆಯಲ್ಲಿ, ಮದುವೆಯಾಗಿದ್ದು ಪರಿಶಿಷ್ಟ ಜಾತಿಯವರನ್ನು. ನಮ್ಮ ಗ್ರಾಮ ಪಂಚಾಯಿತಿಯ ಎಸ್‌ಸಿ ಮಹಿಳೆ ಸೀಟಿಗೆ ನಿಲ್ಲಿ ಅಂತ ಊರವರು ಒತ್ತಾಯ ಮಾಡುತ್ತಿದ್ದಾರೆ. ಗಂಡನ ಜಾತಿ ನನಗೂ ಬರುವುದಿಲ್ಲವೇ?
– ಗೃಹಿಣಿ, ಅರಕಲಗೂಡು ತಾಲ್ಲೂಕು

ಉತ್ತರ: ಬರುವುದಿಲ್ಲಮ್ಮ. ಗಂಡನ ಮನೆಯ ದೇವರು, ಹಬ್ಬ, ನಂಟಸ್ತನ ಎಲ್ಲವೂ ನಿಮ್ಮದಾಗುತ್ತದೆ. ಮೀಸಲಾತಿ ಮಾತ್ರ ಹುಟ್ಟಿದಾಗಿನಿಂದ ಆ ಜಾತಿಯ ಕಷ್ಟ ಉಂಡವರಿಗೆ. ಕೊಚ್ಚಿನ್ ವಿಶ್ವವಿದ್ಯಾಲಯದ ನೌಕರಿಗೆ ಸಂಬಂಧಿಸಿದ ವಲ್ಸಮ್ಮ ಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಇದನ್ನು ಹೇಳಿತು. 2005ರಲ್ಲಿ ಆಂಧ್ರದ ಶೋಭಾ ಹೈಮಾವತಿ ದೇವಿ ಪ್ರಕರಣದಲ್ಲಿ ಚುನಾವಣೆಗೂ ಅದೇ ಮಾತನ್ನು ಅನ್ವಯಿಸಿತು. ಪರಿಶಿಷ್ಟ ಪಂಗಡದ ಕ್ಷೇತ್ರದಿಂದ ಗೆದ್ದಿದ್ದ ಶಾಸಕಿ ಸ್ಥಾನ ಕಳೆದುಕೊಂಡರು. ಎಸ್‌ಸಿ ಮನೆಯ ಹೆಣ್ಣುಮಗಳು ಬೇರೆ ಜಾತಿಗೆ ಮದುವೆಯಾಗಿ ಹೋದರೂ ಇದೇ ಕಾರಣಕ್ಕೆ ಆಕೆಯ ಜಾತಿ ಅಳಿಯುವುದಿಲ್ಲ. ನಿಮ್ಮ ಮಕ್ಕಳ ಮಾತು ಬೇರೆ: ತಂದೆಯ ಜನರ ನಡುವೆ, ಅವರಂತೆಯೇ ಬೆಳೆದ ಮಕ್ಕಳಿಗೆ ತಂದೆಯ ಜಾತಿಯೇ.

ನೀವು ಸಾಮಾನ್ಯ ಮಹಿಳೆ ಸೀಟಿಗೆ ನಿಲ್ಲಿ. ನಿಮ್ಮೂರಿನ ಎಸ್‌ಸಿ ಹೆಣ್ಣುಮಗಳೊಬ್ಬಳು ಪಂಚಾಯಿತಿ ಕುರ್ಚಿಯಲ್ಲಿ ಕೂರುವ ಸರದಿ ಪದೇ ಪದೇ ಬರುವುದಿಲ್ಲ. ಬಂದಾಗ ಅದು ಅವಳಿಗೇ ಸಿಗಲಿ.

ಪ್ರಶ್ನೆ: 2020ರಲ್ಲಿ ನಮ್ಮ ನಗರಸಭೆಯಲ್ಲಿ ಹೆಚ್ಚು ಸದಸ್ಯರಿದ್ದ ಪಕ್ಷಕ್ಕೆ ಅಧ್ಯಕ್ಷಗಿರಿ ಸಿಗಲಿಲ್ಲ. ಇದು ನ್ಯಾಯವೇ?
– ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಆ ಸಲ ಹಾಸನ, ಅರಸೀಕೆರೆ ಎರಡೂ ಕಡೆ ಅಧ್ಯಕ್ಷ ಸ್ಥಾನ ಎಸ್‌ಟಿಗೆ ಮೀಸಲಾಯಿತು. ಹೆಚ್ಚು ಸದಸ್ಯರಿದ್ದದ್ದು ಜೆಡಿಎಸ್‌ನಲ್ಲಿ, ಎಸ್‌ಟಿ ಸದಸ್ಯರಿದ್ದದ್ದು ಬಿಜೆಪಿಯಲ್ಲಿ. ಅಧ್ಯಕ್ಷ ಹುದ್ದೆಗೂ ಮೀಸಲಾತಿ ಇರಬೇಕೆಂದು ಸಂವಿಧಾನದ 243-ಟಿ ವಿಧಿಯೇ ಹೇಳುತ್ತದೆ. ಸುಪ್ರೀಂ ಕೋರ್ಟ್ 2010ರಲ್ಲಿ ಅದನ್ನು ಎತ್ತಿಹಿಡಿದಿದೆ. ಅಲ್ಲಿ ಪ್ರಶ್ನಿಸಬೇಕಾದದ್ದು ಕುರ್ಚಿಯಲ್ಲಿ ಕೂತವರನ್ನಲ್ಲ, ಸರದಿ ಸರಿಯಾಗಿ ಬಂತೇ ಎಂಬುದನ್ನು. ಆ ವರ್ಷದ ಅಕ್ಟೋಬರ್ 8ರ ಮೀಸಲಾತಿ ಅಧಿಸೂಚನೆಯನ್ನು ಹೈಕೋರ್ಟಿನ ಏಕಸದಸ್ಯ ಪೀಠ ನವೆಂಬರ್‌ನಲ್ಲಿ ರದ್ದು ಮಾಡಿದ್ದು ಸರದಿಯ ಪ್ರಶ್ನೆಯ ಮೇಲೆಯೇ. ಆಮೇಲೆ ವಿಷಯ ಮೇಲ್ಮನವಿಗೆ ಹೋಯಿತು.

ಪ್ರಶ್ನೆ: ನಮ್ಮ ತಂದೆ ಚರ್ಚಿಗೆ ಹೋಗುತ್ತಿದ್ದರು. ನನ್ನ ಬಳಿ ಆದಿದ್ರಾವಿಡ ಪ್ರಮಾಣಪತ್ರವಿದೆ. ಪುರಸಭೆಗೆ ನಿಲ್ಲಬಹುದೇ?
– ಹೊಳೆನರಸೀಪುರ

ಉತ್ತರ: ನೀವು ಈಗ ಏನು ಎಂಬುದು ಮುಖ್ಯ. 1950ರ ಆದೇಶದಂತೆ ಹಿಂದೂ, ಸಿಖ್, ಬೌದ್ಧರಲ್ಲದವರು ಪರಿಶಿಷ್ಟ ಜಾತಿಗೆ ಸೇರುವುದಿಲ್ಲ. ಪರಿಶಿಷ್ಟ ಪಂಗಡಕ್ಕೆ ಧರ್ಮದ ಈ ಕಟ್ಟು ಇಲ್ಲ. ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಕೋಲಾರ ಚಿನ್ನದ ಗಣಿ ಕ್ಷೇತ್ರದಲ್ಲಿ 1967ರಲ್ಲಿ ಗೆದ್ದ ಎಸ್. ರಾಜಗೋಪಾಲ್, ಕ್ರೈಸ್ತರಾಗಿ ಮತಾಂತರಗೊಂಡಿದ್ದರೆಂಬ ಕಾರಣಕ್ಕೆ ಸ್ಥಾನ ಕಳೆದುಕೊಂಡರು. 1972ರಲ್ಲಿ ಮತ್ತೆ ಗೆದ್ದರು. ಹಿಂದೂ ಧರ್ಮಕ್ಕೆ ಮರಳಿದ ಅವರನ್ನು ಆದಿದ್ರಾವಿಡರು ತಮ್ಮವರೆಂದು ಒಪ್ಪಿಕೊಂಡಿದ್ದಾರೆ ಎಂದು ಸುಪ್ರೀಂ ಕೋರ್ಟ್ 1975ರಲ್ಲಿ ಆ ಗೆಲುವನ್ನು ಉಳಿಸಿತು. ಆದರೆ ನಂಬಿಕೆಯಿಲ್ಲದೆ, ಮೀಸಲಾತಿಗಾಗಿಯೇ ಹಿಂದೂ ಎಂದು ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದು ಅದೇ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ.

ಪ್ರಶ್ನೆ: ಪಂಚಾಯಿತಿ ಉಪಚುನಾವಣೆಯಲ್ಲಿ ಎಸ್‌ಟಿ ಸೀಟಿಗೆ ನಿಂತು 11 ಮತಗಳಿಂದ ಸೋತೆ. ಗೆದ್ದವರು ಎಸ್‌ಟಿ ಅಲ್ಲವೆಂದು ಊರಿಗೇ ಗೊತ್ತು. ನಾಮಪತ್ರದ ದಿನವೇ ತಕರಾರು ಎತ್ತಿದರೂ ಕೇಳಲಿಲ್ಲ. ಫಲಿತಾಂಶ ಬಂದು 20 ದಿನವಾಯಿತು.
– ಚನ್ನರಾಯಪಟ್ಟಣ

ಉತ್ತರ: ನಿಮಗೆ ಫೋನಿನಲ್ಲಿ ಕೂಡಲೇ ಹೇಳಿದೆ, ಉಳಿದವರಿಗೂ ತಿಳಿಯಲೆಂದು ಇಲ್ಲಿ ಬರೆಯುತ್ತಿದ್ದೇನೆ. ಪರಿಶೀಲನೆಯ ದಿನ ಚುನಾವಣಾಧಿಕಾರಿ ತಹಸೀಲ್ದಾರರ ಪ್ರಮಾಣಪತ್ರ ಇದೆಯೇ ಎಂದು ನೋಡುತ್ತಾರೆಯೇ ಹೊರತು ಜಾತಿಯ ಬುಡ ಕೆದಕುವುದಿಲ್ಲ. ಗೆಲುವನ್ನು ಪ್ರಶ್ನಿಸಲು ಇರುವುದು ಚುನಾವಣಾ ತಕರಾರು ಅರ್ಜಿ ಒಂದೇ. ಅದನ್ನು 30 ದಿನದೊಳಗೆ ಸಿವಿಲ್ ಕೋರ್ಟಿಗೆ ಹಾಕಬೇಕು. ಅವರ ಆಯ್ಕೆ ರದ್ದಾದ ಮಾತ್ರಕ್ಕೆ ನೀವು ಗೆದ್ದಂತಾಗುವುದಿಲ್ಲ. ನಿಮ್ಮನ್ನು ಆಯ್ಕೆಯಾದವರೆಂದು ಘೋಷಿಸಬೇಕೆಂಬ ಬೇಡಿಕೆಯನ್ನೂ ಅರ್ಜಿಯಲ್ಲೇ ಬರೆಸಿ. ಜೊತೆಗೆ ಜಿಲ್ಲಾ ಜಾತಿ ಪರಿಶೀಲನಾ ಸಮಿತಿಗೂ ದೂರು ಕೊಡಿ.

"ಊರಿಗೇ ಗೊತ್ತು" ಎಂಬುದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಕಾಗದ ಬೇಕು. ಗೆದ್ದವರ ತಂದೆ, ಅಜ್ಜ, ಚಿಕ್ಕಪ್ಪಂದಿರ ಶಾಲಾ ದಾಖಲಾತಿ ಪುಸ್ತಕ, ಹಳೆಯ ಜಮೀನು ಪತ್ರ ಹುಡುಕಿಸಿ. ಎಷ್ಟು ಹಳೆಯದೋ ಅಷ್ಟು ಬೆಲೆ. ಒಮ್ಮೆ ಇಂಥದೇ ಕೇಸಿನಲ್ಲಿ ಒಂದು ಪ್ರೈಮರಿ ಶಾಲೆಯ ಪುಸ್ತಕ ನೋಡಿದ್ದೆ. ಜಾತಿಯ ಕಾಲಂನಲ್ಲಿ ಹಳೆಯ ಶಾಯಿ ಕಂದು ಬಣ್ಣಕ್ಕೆ ತಿರುಗಿತ್ತು. ಪಕ್ಕದಲ್ಲೇ ನೀಲಿ ಬಾಲ್‌ಪೆನ್ನಿನಲ್ಲಿ ಇನ್ನೊಂದು ಪದ ಸೇರಿತ್ತು. ಆ ಪುಟವನ್ನು ಇಡೀ ದಿನ ವಾದ ಮಾಡಿಯೂ ಅಳಿಸಲಾಗಲಿಲ್ಲ.

ತಾಳ್ಮೆಯೂ ಬೇಕು. ಮುಳಬಾಗಿಲು ಎಸ್‌ಸಿ ಕ್ಷೇತ್ರದಿಂದ 2013ರಲ್ಲಿ ಗೆದ್ದ ಕೊತ್ತೂರು ಮಂಜುನಾಥ್ ಅವರ ಆಯ್ಕೆಯನ್ನು ಹೈಕೋರ್ಟ್ ಅಸಿಂಧುಗೊಳಿಸಿದ್ದು 2018ರ ಏಪ್ರಿಲ್‌ನಲ್ಲಿ, ಅವಧಿ ಮುಗಿಯುವ ಹೊತ್ತಿಗೆ. ಐದು ವರ್ಷ ಹೋದ ಮೇಲೆ ಬಂದ ನ್ಯಾಯ ನಿಜವಾದ ಅಭ್ಯರ್ಥಿಯ ಕೈಗೆ ಏನನ್ನೂ ಕೊಡುವುದಿಲ್ಲ. ಇಂಥ ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಲೇಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಆದರೂ ಅರ್ಜಿ ಹಾಕಿ. ಮೂವತ್ತೊಂದನೆಯ ದಿನ ಬಂದವರಿಗೆ ನನ್ನಂಥ ವಕೀಲ ಮಾಡಿಕೊಡಬಹುದಾದದ್ದು ಏನೂ ಉಳಿದಿರುವುದಿಲ್ಲ.