ಚಿತ್ರಕಥೆಯ ಕನ್ನಡ: ಹೊಸ ಬರಹಗಾರ ಮತ್ತು ಹೊಸ ಕಲಾವಿದರ ಸಂಚಿಕೆಗಳ ಅಗತ್ಯ

ಆಧುನಿಕ ಕನ್ನಡ ಸಾಹಿತ್ಯದ ಬೆಳವಣಿಗೆಯಲ್ಲಿ ನಿಯತಕಾಲಿಕೆಗಳ ಪಾತ್ರವನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಅವುಗಳ ಪುಟಗಳಲ್ಲಿ ಬರಹದ ಜೊತೆಗೇ ಅಚ್ಚಾದ ಚಿತ್ರಗಳಿಗೆ ಅದೇ ಪ್ರಮಾಣದ ಗಮನ ಸಂದಿಲ್ಲ. ರೂಢಿಯಲ್ಲಿ ಕಾಮಿಕ್ಸ್ ಎಂದು ಕರೆಯಲಾಗುವ ಚಿತ್ರಕಥೆಯಲ್ಲಿ ಮಾತು ಮತ್ತು ಗೆರೆ ಎರಡೂ ಕೂಡಿದಾಗಲೇ ಅರ್ಥ ಪೂರ್ಣವಾಗುತ್ತದೆ. ಹೊಸ ಬರಹಗಾರರನ್ನೂ ಹೊಸ ಕಲಾವಿದರನ್ನೂ ಒಟ್ಟಿಗೆ ಪರಿಚಯಿಸುವ ಸಂಚಿಕೆಗಳು ಈ ಪ್ರಕಾರಕ್ಕೆ ಏಕೆ ಮುಖ್ಯ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಭಾಷೆಯ ನೆಲೆಯಿಂದ ಪರಿಶೀಲಿಸಲಾಗಿದೆ.

ಇಂತಹ ವೇದಿಕೆಗೆ ಕನ್ನಡದಲ್ಲಿ ದೊರೆಯುವ ಗಟ್ಟಿಯಾದ ನಿದರ್ಶನ ‘ಕೊರವಂಜಿ’. ಬೆಂಗಳೂರಿನಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ಎಂ. ಶಿವರಾಂ, ಅಂದರೆ ರಾಶಿ, ಈ ಹಾಸ್ಯಪತ್ರಿಕೆಯನ್ನು 1942ರಲ್ಲಿ ಆರಂಭಿಸಿದರು. ಅದು 1967ರವರೆಗೆ ನಡೆಯಿತು. ಟಿ. ಸುನಂದಮ್ಮ ಅವರ ಹಾಸ್ಯಬರಹಗಳು ಇಲ್ಲಿ ಪ್ರಕಟವಾದವು. 1921ರಲ್ಲಿ ಮೈಸೂರಿನಲ್ಲಿ ಜನಿಸಿದ ಆರ್.ಕೆ. ಲಕ್ಷ್ಮಣ್ ಅವರ ಆರಂಭದ ವ್ಯಂಗ್ಯಚಿತ್ರಗಳೂ ಇಲ್ಲಿ ಬೆಳಕು ಕಂಡವು. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಪ್ರವೇಶ ದೊರೆಯದಿದ್ದ ಈ ತರುಣರ ಗೆರೆಗೆ ಕನ್ನಡದ ಒಂದು ಪತ್ರಿಕೆ ಸ್ಥಳ ನೀಡಿತೆಂಬುದು ಗಮನಾರ್ಹ. ಬರಹ ಮತ್ತು ಚಿತ್ರ ಒಂದೇ ಸಂಪಾದಕೀಯ ದೃಷ್ಟಿಯಡಿ ಬೆಳೆದುದೇ ‘ಕೊರವಂಜಿ’ಯ ವಿಶೇಷ.

ಚಿತ್ರಕಥಾ ಪುಸ್ತಕದ ಆರಂಭ ಮಾತ್ರ ಬೇರೆ ಬಗೆಯದು. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಹೇಳಿಕೆಯಂತೆ, ‘ಅಮರ ಚಿತ್ರಕಥೆ’ಯ ಮೊದಲ ಹತ್ತು ಸಂಚಿಕೆಗಳು 1965ರಲ್ಲಿ ಕನ್ನಡದಲ್ಲಿ ಹೊರಬಂದವು. ಇಂಗ್ಲಿಷ್ ಮಾಲೆಯ ಎಣಿಕೆ ಹನ್ನೊಂದರಿಂದ ಆರಂಭವಾಗಲು ಇದೇ ಕಾರಣ. ಮುಂದೆ ಆ ಮಾಲೆಯನ್ನು ಪ್ರಸಿದ್ಧಿಗೆ ತಂದ ಅನಂತ ಪೈ ಅವರೂ ಕಾರ್ಕಳದವರೇ. ಆದರೆ ಆ ಹತ್ತು ಸಂಚಿಕೆಗಳ ವಸ್ತು ಪಾಶ್ಚಾತ್ಯ ಕಿನ್ನರಕಥೆಗಳು. ಕನ್ನಡ ಅಲ್ಲಿ ಅನುವಾದದ ಭಾಷೆಯಾಗಿ ಪ್ರವೇಶಿಸಿತು.

ಅನುವಾದ ಓದುಗರನ್ನು ಸೃಷ್ಟಿಸಿತೆಂಬುದು ನಿಜ. ಆದರೆ ಅದಕ್ಕೊಂದು ಮಿತಿಯೂ ಇದೆ. ಇಂಗ್ಲಿಷ್ ಚಿತ್ರಕಥೆಗಳಲ್ಲಿ ಮಾತನ್ನು ಸಾಮಾನ್ಯವಾಗಿ ಒಂದೇ ಎತ್ತರದ ದೊಡ್ಡಕ್ಷರಗಳಲ್ಲಿ ಬರೆಯಲಾಗುತ್ತದೆ. ಕನ್ನಡದ ಅಕ್ಷರ ಹಾಗಲ್ಲ; ಅದರ ತಲೆಯ ಮೇಲೆ ಗುಡಿಸು, ಕೆಳಗೆ ಒತ್ತು ಬರುತ್ತವೆ. ಸಾಲುಗಳ ನಡುವೆ ಹೆಚ್ಚಿನ ಅಂತರ ಬೇಕಾಗುತ್ತದೆ. ಇಂಗ್ಲಿಷಿಗಾಗಿ ಮೊದಲೇ ಬರೆದಿಟ್ಟ ಮಾತಿನ ಗುಳ್ಳೆಯೊಳಗೆ ಕನ್ನಡವನ್ನು ಕೂರಿಸುವಾಗ ಅಕ್ಷರ ಕಿರಿದಾಗಬೇಕು, ಇಲ್ಲವೇ ವಾಕ್ಯ ಮೊಟಕಾಗಬೇಕು. ಹೀಗೆ ಪಾತ್ರದ ಮಾತಿನ ಲಯವನ್ನು ಚಿತ್ರವೇ ಮುಂಚಿತವಾಗಿ ನಿರ್ಧರಿಸಿಬಿಡುತ್ತದೆ.

ಎರಡನೆಯ ಮಿತಿ ಉಪಭಾಷೆಗೆ ಸಂಬಂಧಿಸಿದ್ದು. ಕೃಷ್ಣರಾಜಪೇಟೆ ತಾಲ್ಲೂಕಿನ ಬೂಕನಕೆರೆಯ ರೈತನೊಬ್ಬ ಚಿತ್ರಕಥೆಯ ಪಾತ್ರವಾದನೆಂದು ಭಾವಿಸಬಹುದು. ಮಂಡ್ಯ ಸೀಮೆಯ ಆಡುಮಾತಿನಲ್ಲಿ ‘ಹಾಲು’ ‘ಆಲು’ ಆಗುತ್ತದೆ; ‘ಬರುತ್ತೇನೆ’ ‘ಬತ್ತೀನಿ’ ಆಗುತ್ತದೆ. ಈ ರೂಪಗಳು ಪಾತ್ರದ ನೆಲೆಯನ್ನು ಸೂಚಿಸುವುದಲ್ಲದೆ, ‘ಬತ್ತೀನಿ’ಯಂತಹ ಅಡಕವಾದ ರೂಪ ಗುಳ್ಳೆಯ ಇಕ್ಕಟ್ಟಾದ ಜಾಗಕ್ಕೂ ಒಗ್ಗುತ್ತದೆ. ಇದೇ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾವ್ ಲಲಿತಪ್ರಬಂಧಕ್ಕೂ, ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ ಕಾವ್ಯಕ್ಕೂ ತಮ್ಮದೇ ಆದ ನುಡಿಯನ್ನು ರೂಪಿಸಿಕೊಟ್ಟರು. ಚಿತ್ರಕಥೆಗೆ ಅಂತಹ ನುಡಿ ದೊರೆಯಬೇಕಾದರೆ ಆ ಮಾತನ್ನು ಕೇಳಿ ಬೆಳೆದ ಬರಹಗಾರನೂ, ಅಲ್ಲಿಯ ಕಬ್ಬಿನ ಗದ್ದೆ, ಜಗಲಿ, ಮುಖಭಾವಗಳನ್ನು ಬಲ್ಲ ಕಲಾವಿದನೂ ಮೊದಲ ಚೌಕಟ್ಟಿನಿಂದಲೇ ಜೊತೆಗೂಡಬೇಕು.

ಆದ್ದರಿಂದ ಹೊಸ ಪ್ರತಿಭೆಗಳ ಚಿತ್ರಕಥಾ ಸಂಚಿಕೆಯನ್ನು ಕೇವಲ ಮಕ್ಕಳ ಮನರಂಜನೆ ಅಥವಾ ಉದಯೋನ್ಮುಖರಿಗೆ ನೀಡುವ ಪ್ರೋತ್ಸಾಹವೆಂದು ಭಾವಿಸಲಾಗದು. ಗುಳ್ಳೆ ಕನ್ನಡದ ಅಳತೆಗೆ ತಕ್ಕಂತೆ ಹಿಗ್ಗುವ, ಆಡುಮಾತು ತಿದ್ದುಪಡಿಗೆ ಒಳಗಾಗದೆ ಅಚ್ಚಾಗುವ ಅವಕಾಶ ಅಲ್ಲಿದೆ. ಕಥೆಯನ್ನು ಮೊದಲು ಪೂರ್ಣವಾಗಿ ಬರೆಸಿ ಅನಂತರ ಚಿತ್ರ ಬರೆಸುವ ಪದ್ಧತಿಯನ್ನು ಬಿಟ್ಟು, ಇಬ್ಬರಿಂದಲೂ ಕರಡು ಪುಟಗಳನ್ನು ಒಟ್ಟಿಗೆ ಸಿದ್ಧಪಡಿಸುವುದು ಸಂಪಾದಕರ ಕರ್ತವ್ಯವಾಗಬೇಕು.

ಕನ್ನಡ ವಿಭಾಗಗಳಿಗೂ ಇಲ್ಲಿ ಕೆಲಸವಿದೆ. ಹಳೆಯ ಪತ್ರಿಕೆಗಳ ಲೇಖನಸೂಚಿ ತಯಾರಿಸುವಾಗ ಲೇಖಕರ ಹೆಸರಿನೊಡನೆ ಕಲಾವಿದರ ಹೆಸರನ್ನೂ ದಾಖಲಿಸಬೇಕು. ಉಪಭಾಷೆಗಳ ಅಧ್ಯಯನಕ್ಕೆ ಕಥೆ, ಕಾದಂಬರಿಗಳ ಸಂಭಾಷಣೆಯಂತೆಯೇ ಗುಳ್ಳೆಯ ಮಾತೂ ಆಕರವಾಗಬೇಕು. ಚಿತ್ರವನ್ನು ಬದಿಗಿಟ್ಟು ಬರಹವನ್ನಷ್ಟೇ ಕಾಪಾಡಿದರೆ ಇಂತಹ ಪುಟದ ಅರ್ಧ ಅರ್ಥ ಮಾತ್ರ ಮುಂದಿನ ಪೀಳಿಗೆಗೆ ಉಳಿಯುತ್ತದೆ.