ದಾಸವಾಳದ ಬೇಲಿಯೇ ಹಿಟ್ಟು ತಿಗಣೆಯ ತವರು

ಬೇಸಿಗೆ ಬಲಿಯುತ್ತಿದ್ದಂತೆ ಕೋಲಾರ, ಚಿಕ್ಕಬಳ್ಳಾಪುರ, ರಾಮನಗರ ಕಡೆಯ ಹಿಪ್ಪುನೇರಳೆ ಬೆಳೆಗಾರರದು ಒಂದೇ ದೂರು: ಕುಡಿ ಮುರುಟಿದೆ, ಎಲೆ ಸುಕ್ಕುಗಟ್ಟಿದೆ, ಗೆಣ್ಣು ಗಿಡ್ಡವಾಗಿದೆ. ಇದು ತುಕ್ರಾ, ಗುಲಾಬಿ ಹಿಟ್ಟು ತಿಗಣೆಯ ಕೆಲಸ. ತೋಟಕ್ಕೆ ಮದ್ದು ಹುಡುಕುವವರು ಬೇಲಿಯತ್ತ ತಿರುಗಿ ನೋಡುವುದಿಲ್ಲ. ಅಲ್ಲಿ ಉದ್ದಕ್ಕೂ ದಾಸವಾಳವೇ ಇದ್ದರೆ ಒಂದು ಕುಡಿ ಬಿಡಿಸಿ ನೋಡಿ. ಎಲೆ ಮಡಿಕೆಯಲ್ಲಿ ಬಿಳಿ ಹಿಟ್ಟು, ಅದರಡಿ ಗುಲಾಬಿ ಬಣ್ಣದ ಹುಳು, ಕಾಂಡದ ಮೇಲೆ ಇರುವೆ ಸಾಲು ಕಂಡರೆ ಕೀಟದ ಮೂಲ ಸಿಕ್ಕಿತು ಎಂದೇ ತಿಳಿಯಿರಿ.

ರೈತರು ಮತ್ತೆ ಮತ್ತೆ ಮಾಡುವ ತಪ್ಪು ಒಂದೇ. ಬೇಲಿ ಬೇಕೆಂದರೆ ಪಕ್ಕದವರ ದಾಸವಾಳದಿಂದ ಒಂದು ಹೊರೆ ಕಡ್ಡಿ ತಂದು ಉದ್ದಕ್ಕೂ ಚುಚ್ಚುತ್ತಾರೆ. ಕಡ್ಡಿಯ ಜೊತೆಗೇ ಮೊಟ್ಟೆಯೂ ಬರುತ್ತದೆ. ಒಂದೇ ಜಾತಿಯ ಗಿಡ ತಾಗಿಕೊಂಡು ನಿಂತರೆ ಮರಿಗಳು ಗಿಡದಿಂದ ಗಿಡಕ್ಕೆ ನಡೆದೇ ಹೋಗುತ್ತವೆ. ಆಮೇಲೆ ಕೈಗೆ ಸಿಕ್ಕ ಕೀಟನಾಶಕ ಸುರಿಯುತ್ತಾರೆ. ಮೇಣದ ಹೊದಿಕೆಯಡಿಯ ತಿಗಣೆ ಉಳಿಯುತ್ತದೆ, ಅದನ್ನು ತಿನ್ನುವ ದುಂಬಿ ಸಾಯುತ್ತದೆ, ಮದ್ದು ತಾಗಿದ ಸೊಪ್ಪು ತಿಂದು ಮನೆಯ ರೇಷ್ಮೆಹುಳವೂ ಸಾಯುತ್ತದೆ. ಎಷ್ಟು ಸಲ ಹೇಳಬೇಕು? 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯಿ ಹಿಟ್ಟು ತಿಗಣೆಯನ್ನು ಮಣಿಸಿದ್ದು 2010ರಲ್ಲಿ ಪೋರ್ಟೊರಿಕೊದಿಂದ ತರಿಸಿ ಬಿಟ್ಟ ಪುಟ್ಟ ಪರಾವಲಂಬಿ ಕಣಜ, ಕೀಟನಾಶಕವಲ್ಲ. ಮುತ್ತಿದ ಕುಡಿ ಕತ್ತರಿಸಿ, ಚೀಲಕ್ಕೆ ತುಂಬಿ ಸುಡಿ, ಬದುವಿಗೆ ಎಸೆಯಬೇಡಿ. ಬೇಲಿಗೆ ಜೋರಾಗಿ ನೀರು ಚಿಮ್ಮಿಸಿ, ಬಳಿಕ ಮೀನೆಣ್ಣೆ ಸಾಬೂನನ್ನು ಲೀಟರಿಗೆ 25 ಗ್ರಾಂನಂತೆ ಕರಗಿಸಿ, ಗಾಳಿಯಿಲ್ಲದ ಹೊತ್ತಿನಲ್ಲಿ ಬೇಲಿಗೆ ಮಾತ್ರ ಹೊಡೆಯಿರಿ. ಹಿಪ್ಪುನೇರಳೆಗೆ ತಿಗಣೆ ತಿನ್ನುವ ಕ್ರಿಪ್ಟೊಲೀಮಸ್ ದುಂಬಿಯನ್ನು ಎಕರೆಗೆ 250ರಂತೆ ಬಿಡಿ. ಈ ದುಂಬಿಯ ಮರಿಯೂ ಬಿಳಿ ಮೇಣ ಹೊತ್ತು ತಿಗಣೆಯಂತೆಯೇ ಕಾಣುತ್ತದೆ; ಚುರುಕಾಗಿ ಓಡಾಡುವುದನ್ನು ಹೊಸಕಬೇಡಿ.

ಇಷ್ಟೆಲ್ಲ ಮಾಡಿಯೂ ಬೇಲಿ ಒಂದೇ ಜಾತಿಯದಾದರೆ ಕಾಟ ಮರಳುತ್ತದೆ. ವರ್ಷವಿಡೀ ಹಸಿರಾಗಿರುವ ನಮ್ಮದೇ ಪೊದೆಗಳಿವೆ. ಅವನ್ನು ಬೆರೆಸಿ, ಯಾವ ಜಾತಿಯೂ ಮೂರನೇ ಒಂದು ಪಾಲು ಮೀರದಂತೆ ನೆಡಿ. ಆಡುಸೋಗೆಯನ್ನು ದನ ಮುಟ್ಟುವುದಿಲ್ಲ; ಪೆನ್ಸಿಲ್ ಗಾತ್ರದ, 8-9 ಅಂಗುಲದ ಕಡ್ಡಿಯಿಂದ ಬರುತ್ತದೆ. ಬಂದರೆ ಎಂಬ ಗಿಡ ಬರಕ್ಕೆ ಜಗ್ಗದು; ಬೀಜವನ್ನು ಬಿಸಿನೀರಿಗೆ ಹಾಕಿ ರಾತ್ರಿಯಿಡೀ ಬಿಟ್ಟು ಬಿತ್ತಿ. ಮುಳ್ಳಿನ ಕವಳೆಗೆ ಹಣ್ಣಿನಿಂದ ತೆಗೆದ ತಾಜಾ ಬೀಜವೇ ಬೇಕು, ಇಟ್ಟರೆ ಮೊಳೆಯದು. ಎಲ್ಲಕ್ಕೂ ಒಂದಡಿ ಗುಂಡಿ, 2 ಕೆ.ಜಿ. ಕಾಂಪೋಸ್ಟ್, 100 ಗ್ರಾಂ ಬೇವಿನ ಹಿಂಡಿ, ಗಿಡದಿಂದ ಗಿಡಕ್ಕೆ 2 ಅಡಿ. ತಿಗಣೆ ನೂರಾರು ಬಗೆಯ ಗಿಡ ತಿನ್ನುತ್ತದಲ್ಲ ಎಂದು ಕೇಳಬಹುದು. ತಿನ್ನುತ್ತದೆ, ಆದರೆ ಎಲ್ಲವನ್ನೂ ದಾಸವಾಳದಷ್ಟು ಇಷ್ಟಪಡುವುದಿಲ್ಲ. ನಡುವೆ ಬೇರೆ ಗಿಡವಿದ್ದರೆ ಹಬ್ಬುವ ವೇಗ ತಗ್ಗುತ್ತದೆ. ಕವಳೆ ನಿಧಾನ ನಿಜ. ಅದು ಎದ್ದೇಳುವವರೆಗೆ ಆಡುಸೋಗೆ ಮರೆ ಕೊಡುತ್ತದೆ. ಸರ್ಕಾರಿ ಯೋಜನೆಯ ಸಸಿಗೆ ಕಾಯುತ್ತ ಕೂರಬೇಡಿ, ಮಳೆ ಕಳೆದ ಮೇಲೆ ಬಂದ ಸಸಿಯಿಂದ ಏನೂ ಆಗದು. ಮಿಶ್ರ ಬೇಲಿಯೆಂದು ಸಿಕ್ಕಿದ್ದನ್ನೆಲ್ಲ ನೆಡುವುದೂ ತಪ್ಪೇ: ನರ್ಸರಿಯವರು ಕೊಡುವ ಕಾಮಿನಿ ಗಿಡದಲ್ಲಿ ಗ್ರೀನಿಂಗ್ ರೋಗ ಹರಡುವ ಸಿಲ್ಲಾ ಕೀಟ ಬೆಳೆಯುತ್ತದೆ. ನಿಂಬೆ, ಕಿತ್ತಳೆ, ಮೋಸಂಬಿ ಇರುವವರು ಅದನ್ನು ತೋಟದ ಹತ್ತಿರಕ್ಕೂ ತರಬಾರದು.