ಸೋಂಕಿಗೆ ಸೋಲದಿರಲು ಏಳು ಸೂತ್ರಗಳು

ಬ್ಯಾಕ್ಟೀರಿಯಾ ಒಳಗೆ ನುಗ್ಗುವ ದಾರಿಗಳು ಕೆಲವೇ: ಒಡೆದ ಚರ್ಮ, ಬಾಯಿ, ಮೂಗು, ಮೂತ್ರನಾಳ. ನುಗ್ಗಿದ್ದನ್ನು ಹಿಡಿದು ಮುಗಿಸುವ ಕೆಲಸದಲ್ಲಿ ಹೆಚ್ಚಿನ ಪಾಲು ದೇಹದ್ದೇ. ಅದಕ್ಕೆ ಅಡ್ಡಬರದಿದ್ದರೆ ಅರ್ಧ ಗೆದ್ದಂತೆ.

1. ಗಾಯವನ್ನು ಆಗಲೇ ತೊಳೆಯಿರಿ. ಸೋಪು, ಧಾರಾಳವಾಗಿ ನಲ್ಲಿ ನೀರು, ಅಷ್ಟು ಸಾಕು. ‘ಬೆಳಿಗ್ಗೆ ನೋಡೋಣ’ ಎನ್ನುವವರಿಗೆ ಒಂದು ಲೆಕ್ಕ: ಅನುಕೂಲ ಸಿಕ್ಕರೆ ಇ. ಕೋಲಿ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಯಾವುದೂ ಸಾಯದಿದ್ದರೆ ಒಂದೇ ಒಂದು ಜೀವಕಣ 8 ಗಂಟೆಯಲ್ಲಿ 1 ಕೋಟಿ 67 ಲಕ್ಷ ದಾಟುತ್ತದೆ.

2. ಕಾಫಿಪುಡಿ ಡಬ್ಬಿಯಲ್ಲೇ ಇರಲಿ. ರಕ್ತ ನಿಲ್ಲಿಸಲು ಶುಭ್ರವಾದ ಬಟ್ಟೆ ಇಟ್ಟು ಒತ್ತಿ ಹಿಡಿದರಾಯಿತು. ಸುಣ್ಣ, ಸಗಣಿ, ಬೂದಿ ಯಾವುದೂ ಬೇಡ.

3. ಮೊಳೆ ಚುಚ್ಚಿದರೆ ತುಕ್ಕನ್ನು ಬೈಯಬೇಡಿ. ಧನುರ್ವಾಯು ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರುವುದು ಮಣ್ಣಿನಲ್ಲಿ, ದನ-ಕುದುರೆಗಳ ಸಗಣಿ-ಲದ್ದಿಯಲ್ಲಿ. ಗಾಳಿಯಾಡದ ಆಳ ಗಾಯವೇ ಅವಕ್ಕೆ ಇಷ್ಟ. ಈ ರೋಗ ಒಮ್ಮೆ ಬಂದು ವಾಸಿಯಾದರೂ ದೇಹಕ್ಕೆ ರಕ್ಷಣೆ ಹುಟ್ಟುವುದಿಲ್ಲ. ಪ್ರಾಣ ತೆಗೆಯುವಷ್ಟು ವಿಷವೂ ದೇಹವನ್ನು ಎಚ್ಚರಿಸಲು ಸಾಲದಷ್ಟು ಕಡಿಮೆ. ಹಾಗಾಗಿ ಚುಚ್ಚುಮದ್ದಿಗೆ ಬದಲಿ ಇಲ್ಲ.

4. ಗದ್ದೆಗೆ ಇಳಿಯುವ ಮುನ್ನ ಹಿಮ್ಮಡಿ ನೋಡಿಕೊಳ್ಳಿ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ಇಲಿಜ್ವರ ಹೊಸದಲ್ಲ. ಇಲಿಯ ಮೂತ್ರ ಬೆರೆತ ನೀರಿನಿಂದ ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ ಬಿರುಕುಬಿಟ್ಟ ಚರ್ಮದ ಮೂಲಕ ಒಳಸೇರುತ್ತದೆ. ಗಮ್‌ಬೂಟು ತೊಡಿ. ನಾಟಿ ಮಾಡಿದ ಮೇಲೆ ಜ್ವರ, ಮೀನಖಂಡದಲ್ಲಿ ವಿಪರೀತ ನೋವು ಬಂದರೆ ಗದ್ದೆಗೆ ಇಳಿದ ಸಂಗತಿಯನ್ನು ವೈದ್ಯರಿಗೆ ಹೇಳಿ. ಅವರು ಕೇಳದಿದ್ದರೂ ಹೇಳಿ.

5. ಕುರುವನ್ನು ಹಿಂಡಬೇಡಿ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ವಿಜ್ಞಾನಿ ಇಲ್ಯಾ ಮೆಚ್ನಿಕೊವ್ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿ ಮುಳ್ಳು ಚುಚ್ಚಿಟ್ಟರು. ಮರುದಿನ ನೋಡಿದರೆ ಮುಳ್ಳಿನ ಸುತ್ತ ಜೀವಕೋಶಗಳು ಮುತ್ತಿಕೊಂಡಿದ್ದವು! ದೇಹದಲ್ಲಿ ವೈರಿಯನ್ನು ನುಂಗುವ ಕೋಶಗಳಿವೆ ಎಂಬ ಅವರ ವಾದಕ್ಕೆ 1908ರಲ್ಲಿ ನೊಬೆಲ್ ಬಂತು. ನಮ್ಮ ಕುರುವಿನಲ್ಲಿ ನಡೆಯುವುದೂ ಅದೇ. ಬಿಳಿ ರಕ್ತಕಣಗಳು ಧಾವಿಸುತ್ತವೆ, ಬ್ಯಾಕ್ಟೀರಿಯಾ ನುಂಗುತ್ತವೆ, ಸಾಯುತ್ತವೆ. ಕೀವು ಎಂದರೆ ಬಹುಪಾಲು ಆ ಸತ್ತ ಕಣಗಳೇ. ದೇಹ ಒಂದೆಡೆ ಕಟ್ಟಿಹಾಕಿದ್ದನ್ನು ಉಗುರಿನಿಂದ ಒತ್ತಿದರೆ ಅದು ಇನ್ನೂ ಆಳಕ್ಕೆ ಹೋಗಬಹುದು. ಮೂಗು, ಮೇಲ್ತುಟಿಯ ಬಳಿಯದನ್ನಂತೂ ಮುಟ್ಟಲೇಬೇಡಿ.

6. ‘ಗ್ಯಾಸ್ಟ್ರಿಕ್’ ಮಾತ್ರೆಯನ್ನು ಚಟ ಮಾಡಿಕೊಳ್ಳಬೇಡಿ. ಊಟದೊಂದಿಗೆ ಹೋದ ಎಷ್ಟೋ ಬ್ಯಾಕ್ಟೀರಿಯಾಗಳನ್ನು ಹೊಟ್ಟೆಯ ಆಮ್ಲ ಕೊಲ್ಲುತ್ತದೆ. ವೈದ್ಯರನ್ನು ಕೇಳದೆ ವರ್ಷಗಟ್ಟಲೆ ಆಮ್ಲ ತಗ್ಗಿಸಿಕೊಂಡರೆ ವಾಂತಿಭೇದಿ ತರುವ ಬ್ಯಾಕ್ಟೀರಿಯಾಗಳಿಗೆ ದಾರಿ ಸಲೀಸು.

7. ನೆಗಡಿಗೆ ಆಂಟಿಬಯೋಟಿಕ್ ಕೇಳಬೇಡಿ. ನೆಗಡಿ ವೈರಸ್ಸಿನದು, ಅದರ ಮೇಲೆ ಈ ಔಷಧಿ ಕೆಲಸ ಮಾಡದು. ಹಿಂದಿನ ಸಲ ಉಳಿದ ನಾಲ್ಕು ಮಾತ್ರೆ ನುಂಗುವ ಬುದ್ಧಿವಂತಿಕೆಯಂತೂ ಬೇಡವೇ ಬೇಡ. ಅರೆಬರೆ ಪ್ರಮಾಣ ಬ್ಯಾಕ್ಟೀರಿಯಾವನ್ನು ಕೊಲ್ಲದೆ ಔಷಧಿಗೆ ಪಳಗಿಸುತ್ತದೆ ಎಂದು ಪೆನ್ಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರಲ್ಲೇ ಎಚ್ಚರಿಸಿದ್ದರು.

ದೇಹ ಸೋಲುತ್ತಿದೆ ಎಂಬುದಕ್ಕೂ ಗುರುತುಗಳಿವೆ: ಗಾಯದಿಂದ ಮೇಲಕ್ಕೆ ಏರುವ ಕೆಂಪು ಗೆರೆ, ನಡುಕದ ಜ್ವರ, ಏದುಸಿರು, ಮಾತಿನಲ್ಲಿ ತಡಬಡಿಕೆ. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ, ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ. ಸಕ್ಕರೆ ಕಾಯಿಲೆ ಇದ್ದವರು ಕೆಂಪು ಗೆರೆಯವರೆಗೂ ಕಾಯುವಂತಿಲ್ಲ. ಕಾಲಿನಲ್ಲಿ ಸಣ್ಣ ಗಾಯ ಕಂಡ ದಿನವೇ ತೋರಿಸಿ.